ಒಂದು ಮೇಜು ಕೆಳಗೆ

ಶನಿವಾರ ಬೆಳಗ್ಗೆ ತಿಂಡಿ ಮುಗಿಸಿ, ತಟ್ಟೆ ತೊಳೆದಿಟ್ಟು, ನಾನು ಇಸ್ಪೀಟು ಆಡಲು ಕೂರುತ್ತೇನೆ. ಲ್ಯಾಪ್‌ಟಾಪಿನಲ್ಲಿ, ದುಡ್ಡು ಕಟ್ಟಿ, ಮುಖ ಕಾಣದ ಜನರ ಜೊತೆ. ಈ ಆಟಕ್ಕೆ ಪೋಕರ್ ಎಂದು ಹೆಸರು. ನಮ್ಮೂರಿನವರ ಕಿವಿಗೆ ಬಿದ್ದರೆ ಅವರು ಪೋಕರ್ ಗೀಕರ್ ಎನ್ನುವುದಿಲ್ಲ, 'ಓದಿಸಿದ ಮಗ ಇಸ್ಪೀಟಿಗೆ ಕೂತ' ಎನ್ನುತ್ತಾರೆ. ಮಾತು ಅಲ್ಲಿಗೆ ಮುಗಿಯುತ್ತದೆ.

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲಿಗ ನಾನು. ಇದನ್ನು ಬರೆಯುವಾಗ ಈಗಲೂ ಎದೆ ಸ್ವಲ್ಪ ಉಬ್ಬುತ್ತದೆ, ಮುಚ್ಚಿಡುವುದೇನಿಲ್ಲ. ಅಪ್ಪ ಎಪಿಎಂಸಿ ಯಾರ್ಡಿನಲ್ಲಿ ಹಮಾಲಿ. ಅಮ್ಮ ಅದೇ ಯಾರ್ಡಿನಲ್ಲಿ ಶೇಂಗಾ ಹಸನು ಮಾಡುವ ಹೆಂಗಸರ ಸಾಲಿನಲ್ಲಿ ಕೂರುತ್ತಿದ್ದಳು. ನಾನು ಸರ್ಕಾರಿ ಹಾಸ್ಟೆಲಿನ ಅನ್ನ ಉಂಡು, ಹಿಂದಿನ ವರ್ಷದವರ ನೋಟ್ಸ್ ಓದಿ, ಒಂದೂ ಸಬ್ಜೆಕ್ಟು ಬಿಡದೆ ಇಂಜಿನಿಯರಿಂಗ್ ಮುಗಿಸಿದೆ. ಈಗ ಡಚ್ಚರ ನಾಡಿನಲ್ಲಿ, ಸ್ಕಿಪೋಲ್ ವಿಮಾನ ನಿಲ್ದಾಣದ ಮಗ್ಗುಲಿನ ಬಾಡ್‌ಹೂವೆಡಾರ್ಪ್‌ನಲ್ಲಿ ಹೆಂಡತಿಯೊಂದಿಗೆ ವಾಸ. ಸೈಕಲ್ಲಿನಲ್ಲಿ ಹೋಗುವಷ್ಟು ದೂರದಲ್ಲಿ ನನ್ನ ಕಚೇರಿ. ಯಾವ ಸರಕು ಯಾವ ವಿಮಾನದ ಹೊಟ್ಟೆಯಲ್ಲಿ, ಎಷ್ಟು ತೂಕ, ಎಲ್ಲಿ ಕೂರಬೇಕು ಎಂದು ಗೊತ್ತು ಮಾಡುವುದು ಕೆಲಸ. ಅಪ್ಪ ಹೊತ್ತದ್ದೂ ಮೂಟೆ, ನಾನು ತೂಗಿಸುವುದೂ ಮೂಟೆ. ನನ್ನ ಬೆನ್ನು ನೋಯುವುದು ಕುರ್ಚಿಯಿಂದ, ಅಷ್ಟೇ ವ್ಯತ್ಯಾಸ.

ಪೋಕರ್ ಹತ್ತಿಸಿದವನು ಈ ದೇಶದ ಉತ್ತರದ ತುದಿಯ ಗ್ರೋನಿಂಗನ್‌ನಲ್ಲಿರುವ ಗೆಳೆಯ. ಮೈಸೂರಿನವನು, ಅಪ್ಪ ಅಮ್ಮ ಇಬ್ಬರೂ ಕಾಲೇಜು ಮೇಷ್ಟ್ರುಗಳು. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಗಾಳಿ, ಮೋಡಗಳ ಮೇಲೆ ಏನೋ ಸಂಶೋಧನೆ ಮಾಡುತ್ತಾನೆ. ಕನ್ನಡ ರಾಜ್ಯೋತ್ಸವದ ಒಂದು ಕಾರ್ಯಕ್ರಮದಲ್ಲಿ ಊಟದ ಸಾಲಿನಲ್ಲಿ ಹಿಂದೆ ಮುಂದೆ ನಿಂತು ಪರಿಚಯವಾಯಿತು. ವಯಸ್ಸಿನಲ್ಲಿ ನನಗಿಂತ ಚಿಕ್ಕವನು, ಆದರೂ ಮೊದಲ ದಿನದಿಂದಲೇ ನನ್ನನ್ನು 'ಗುರು' ಎನ್ನುತ್ತಾನೆ, ಗುರು ಎನ್ನುತ್ತಲೇ ಕಾಲೆಳೆಯುತ್ತಾನೆ.

"ಇದು ಜೂಜಲ್ಲ ಗುರು, ಲೆಕ್ಕ" ಎಂದಿದ್ದ ಅವತ್ತು. ಅದು ಅರ್ಧ ಸುಳ್ಳು ಎಂದು ನನಗೆ ಆಗಲೇ ಗೊತ್ತಿತ್ತು. ಆದರೆ ಇನ್ನರ್ಧ ಹಿಡಿಸಿತು. ಪ್ರತಿಯೊಬ್ಬನ ಕೈಯಲ್ಲಿ ಎರಡು ಎಲೆ, ಎಲ್ಲರಿಗೂ ಸೇರಿ ಮೇಜಿನ ಮೇಲೆ ಐದು ಎಲೆ. ಎದುರಿನವನ ಕೈಯಲ್ಲಿ ಏನಿರಬಹುದು ಎಂದು ಅವನು ಕಟ್ಟುವ ದುಡ್ಡಿನಿಂದ ಊಹಿಸಬೇಕು. ನಿಲ್ಲಬೇಕೋ, ಏರಿಸಬೇಕೋ, ಎಲೆ ಎಸೆದು ಎದ್ದುಬಿಡಬೇಕೋ ಎಂದು ಪ್ರತಿ ಸಲ ತೀರ್ಮಾನಿಸಬೇಕು. ಸಾಲ್ವರ್ ಎಂಬ ಒಂದು ತಂತ್ರಾಂಶವಿದೆ. ಆಡಿ ಮುಗಿದ ಆಟವನ್ನು ಅದಕ್ಕೆ ಕೊಟ್ಟರೆ ಎಲ್ಲಿ ಸರಿ ಆಡಿದೆ, ಎಲ್ಲಿ ತಪ್ಪಿದೆ ಎಂದು ಹೇಳುತ್ತದೆ. ಕೀ ಆನ್ಸರ್ ಇರುವ ಆಟ! ನನ್ನಂಥವನಿಗೆ ಇದಕ್ಕಿಂತ ಇನ್ನೇನು ಬೇಕು? ಹಾಸ್ಟೆಲಿನಲ್ಲಿ ಹಳೆಯ ಪ್ರಶ್ನೆಪತ್ರಿಕೆ ಬಿಡಿಸಿದ ಹಾಗೆ ಒಂದೊಂದೇ ಸನ್ನಿವೇಶ ತೆಗೆದುಕೊಂಡು ಓದಿದೆ. ಭಾನುವಾರ ಮಧ್ಯಾಹ್ನ ಗೆಳೆಯ ವಿಡಿಯೋ ಕರೆಯಲ್ಲಿ ಬರುತ್ತಿದ್ದ, ಇಬ್ಬರೂ ಆ ವಾರದ ಆಟಗಳನ್ನು ಬಿಚ್ಚಿ ನೋಡುತ್ತಿದ್ದೆವು.

ಹೆಂಡತಿಗೂ ನನಗೂ ಒಂದು ಒಪ್ಪಂದವಾಯಿತು. ಆಕೆ ಧಾರವಾಡದ ಕಡೆಯವಳು, ನೇರ ಮಾತು. "ಆಟದ ರೊಕ್ಕ ಬ್ಯಾರೆ, ಮನಿ ರೊಕ್ಕ ಬ್ಯಾರೆ. ಆಟದ್ದು ಖಾಲಿ ಆತಂದ್ರ ಮುಗೀತು, ಮತ್ತ ತುಂಬಸಂಗಿಲ್ಲ. ಊಟದ ಹೊತ್ತಿಗೆ ಆ ಡಬ್ಬಿ ಮುಚ್ಚಬೇಕು." ಡಬ್ಬಿ ಎಂದರೆ ಲ್ಯಾಪ್‌ಟಾಪು. ನಾನು ಒಪ್ಪಿದೆ. ಒಪ್ಪುವಾಗ ಅದು ಖಾಲಿಯಾಗುತ್ತದೆ ಎಂಬ ಯೋಚನೆಯೇ ತಲೆಗೆ ಬಂದಿರಲಿಲ್ಲ. ಓದಿ ಫೇಲಾದ ಅನುಭವ ನನಗಿರಲಿಲ್ಲವಲ್ಲ.

ಎರಡು ವರ್ಷ ನಿಧಾನಕ್ಕೆ ಮೇಲೇರಿದೆ. ಆನ್‌ಲೈನಿನಲ್ಲಿ ಮೇಜುಗಳು ದರ್ಜೆವಾರು ಇರುತ್ತವೆ. ಚಿಲ್ಲರೆಯ ಮೇಜು, ಅದರ ಮೇಲೊಂದು, ಅದರ ಮೇಲೆ ಮತ್ತೊಂದು. ಮೇಲೆ ಹೋದಂತೆ ಕಟ್ಟುವ ದುಡ್ಡೂ ಹೆಚ್ಚು, ಎದುರಿಗಿರುವವರ ಬುದ್ಧಿಯೂ ಹೆಚ್ಚು. ಆದರೆ ದುಡ್ಡಿಗಿಂತ ನನಗೆ ಇನ್ನೊಂದು ವಿಷಯ ಹಿತ ಕೊಡುತ್ತಿತ್ತು. ಅಲ್ಲಿಯವರೆಗೆ ನಾನು ಕಲಿತದ್ದೆಲ್ಲ ಯಾವುದೋ ಒಂದರಿಂದ ತಪ್ಪಿಸಿಕೊಳ್ಳಲು ಕಲಿತದ್ದು. ಯಾರ್ಡಿನಿಂದ ತಪ್ಪಿಸಿಕೊಳ್ಳಲು ಗಣಿತ. ಇಂಟರ್‌ವ್ಯೂನಲ್ಲಿ ನಗೆಪಾಟಲಾಗದಿರಲು ಇಂಗ್ಲಿಷು. ಇಲ್ಲಿನ ವಾಸದ ಪರ್ಮಿಟ್ಟು ಉಳಿಸಿಕೊಳ್ಳಲು ಡಚ್ಚು. ಯಾರಿಗೂ ಬೇಡದ, ಯಾವ ನೌಕರಿಗೂ ಉಪಯೋಗವಿಲ್ಲದ ಒಂದು ವಿದ್ಯೆಯನ್ನು ನಾನು ನನ್ನಷ್ಟಕ್ಕೆ ಕಲಿಯುತ್ತಿದ್ದದ್ದು ಇದೇ ಮೊದಲು. ಸ್ಥಿತಿವಂತರ ಮಕ್ಕಳು ಚಿಕ್ಕಂದಿನಲ್ಲಿ ಪಿಟೀಲು ಕಲಿಯುತ್ತಾರಲ್ಲ, ಹಾಗೆ. ಆಟದ ದುಡ್ಡು ಖಾಲಿಯಾದರೆ ಹೋಗುವುದು ದುಡ್ಡಷ್ಟೇ ಆಗಿರಲಿಲ್ಲ.

ಮೂರನೆಯ ವರ್ಷದ ವಸಂತದಲ್ಲಿ ಸೋಲು ಶುರುವಾಯಿತು.

ತಪ್ಪಾಡಿ ಸೋತರೆ ಸಮಾಧಾನವಿದೆ, ತಿದ್ದಿಕೊಳ್ಳಬಹುದು. ಇದು ಸರಿಯಾಗಿ ಆಡಿ ಸೋಲುವುದು. ನನ್ನ ಕೈಯಲ್ಲಿ ಎರಡು ಎಕ್ಕ, ಇದಕ್ಕಿಂತ ದೊಡ್ಡ ಕೈ ಆ ಹಂತದಲ್ಲಿ ಇಲ್ಲ. ಎದುರಿನವನು ಎರಡು ಒಂಬತ್ತು ಹಿಡಿದು ಇದ್ದಬದ್ದದ್ದೆಲ್ಲ ಒಡ್ಡುತ್ತಾನೆ. ನಾನೂ ಒಡ್ಡುತ್ತೇನೆ. ಐದರಲ್ಲಿ ನಾಲ್ಕು ಸಲ ಗೆಲ್ಲಬೇಕಾದವನು ನಾನು. ಮೇಜಿನ ಮೇಲೆ ಕೊನೆಯ ಎಲೆ ಬೀಳುತ್ತದೆ, ಕಳಾವರ್ ಒಂಬತ್ತು. ಅವನಿಗೆ ಮೂರು ಒಂಬತ್ತಾಯಿತು, ದುಡ್ಡೆಲ್ಲ ಅವನ ಪಾಲು. ಸಾಲ್ವರನ್ನು ಕೇಳಿದರೆ ನಾನು ಮಾಡಿದ್ದೇ ಸರಿ ಎನ್ನುತ್ತದೆ. ಮರುವಾರ ಇಂಥದ್ದೇ ಇನ್ನೊಂದು. ಅದರ ಮರುವಾರವೂ. ಆಟಗಾರರು ಇದಕ್ಕೆಲ್ಲ ಹೆಸರಿಟ್ಟಿದ್ದಾರೆ, ಏರಿಳಿತ ಸಹಜ ಎನ್ನುತ್ತಾರೆ, ಸಾವಿರಾರು ಆಟಗಳಾದ ಮೇಲೆ ಎಲ್ಲ ಸಮಕ್ಕೆ ಬರುತ್ತದೆ ಎನ್ನುತ್ತಾರೆ. ಅದು ನಿಜವೇ. ಆ ಲೆಕ್ಕವನ್ನು ಕಾಗದದ ಮೇಲೆ ನಾನೇ ಬಿಡಿಸಿ ತೋರಿಸಬಲ್ಲೆ. ಆದರೆ ಉತ್ತರ ಸರಿಯಿದ್ದೂ ಸೊನ್ನೆ ಅಂಕ ಬಂದ ಪತ್ರಿಕೆಯನ್ನು ವಾರ ವಾರ ಕೈಗೆ ಕೊಟ್ಟರೆ, ನನ್ನಂಥವನ ಮೈ ಅದನ್ನು ಒಪ್ಪುವುದಿಲ್ಲ. ಸರಿಯಾಗಿ ಬರೆದರೆ ಅಂಕ ಬರುತ್ತದೆ ಎಂಬ ಒಂದೇ ನಂಬಿಕೆಯ ಮೇಲೆ ನಾನು ಯಾರ್ಡಿನಿಂದ ಇಲ್ಲಿಯವರೆಗೆ ಬಂದವನು.

ಆಗ ನನಗೆ ಗೊತ್ತಿದ್ದ ಔಷಧಿ ಒಂದೇ, ಇನ್ನೂ ಹೆಚ್ಚು ಓದುವುದು. ಕಚೇರಿಯಿಂದ ಬಂದವನೇ ಚಹಾ ಹಿಡಿದು ಸಾಲ್ವರಿನ ಮುಂದೆ ಕೂರುತ್ತಿದ್ದೆ. ಇಲ್ಲಿ ಬೇಸಿಗೆಯ ಬೆಳಕು ರಾತ್ರಿ ಊಟ ಆದ ಮೇಲೂ ಉಳಿದಿರುತ್ತದೆ. ಹೊರಗೆ ಅಕ್ಕಪಕ್ಕದವರು ಕುರ್ಚಿ ಹಾಕಿಕೊಂಡು ಬಿಸಿಲು ಕಾಯುತ್ತಿದ್ದರು. ತಲೆಯ ಮೇಲಿಂದ ವಿಮಾನಗಳು ಇಳಿಯುತ್ತಿದ್ದವು. ನಾನು ಪರದೆ ಎಳೆದು, ಎದುರಿನವನು ಮೂರನೇ ಎಲೆಯ ಮೇಲೆ ಏರಿಸಿದರೆ ಏನು ಮಾಡಬೇಕು ಎಂದು ಬಾಯಿಪಾಠ ಮಾಡುತ್ತಿದ್ದೆ.

ಆ ದಿನಗಳಲ್ಲಿ ಅಮ್ಮ ಫೋನಿನಲ್ಲಿ ಕೇಳಿದಳು, "ರಜಾ ದಿನ ಏನು ಮಾಡ್ತೀಯಪ್ಪಾ?"

"ಓದ್ತೀನಮ್ಮ."

"ಇನ್ನೂ ಓದ್ತೀಯಾ? ಸಾಕು ಬಿಡಪ್ಪಾ. ಓದಿದ್ದೆಲ್ಲ ಎಲ್ಲಿಡ್ತೀಯಾ? ಕಣ್ಣು ಹಾಳಾಗ್ತವೆ."

ನಾನು ಹೇಳಿದ್ದು ಸುಳ್ಳಾಗಿರಲಿಲ್ಲ. ಅದೇ ತಮಾಷೆ.

ಓದು ಸಾಲದೆ ಆಟದ ಹೊತ್ತನ್ನೂ ಹೆಚ್ಚಿಸಿದೆ. ಈ ದೇಶದಲ್ಲಿ ಲೈಸೆನ್ಸ್ ಇರುವ ಸೈಟಿನಲ್ಲಿ ಆಡಬೇಕಾದರೆ ಎಷ್ಟು ಹೊತ್ತು ಆಡುತ್ತೇನೆ, ಎಷ್ಟು ದುಡ್ಡು ಹಾಕುತ್ತೇನೆ ಎಂದು ನಾವೇ ಮೊದಲು ಮಿತಿ ಹಾಕಿಕೊಳ್ಳಬೇಕು. ನಾನು ದುಡ್ಡಿನ ಮಿತಿ ಮುಟ್ಟಲಿಲ್ಲ, ಮನೆಯ ಒಪ್ಪಂದವಿತ್ತು. ಹೊತ್ತಿನ ಮಿತಿಯನ್ನು ಏರಿಸಿದೆ. ಸ್ವಲ್ಪ ದಿನದಲ್ಲಿ ಮತ್ತೆ ಏರಿಸಿದೆ. ಹೆಚ್ಚು ಆಡಿದರೆ ಬೇಗ ಸಮಕ್ಕೆ ಬರುತ್ತದೆ ಎಂಬುದು ನನ್ನ ಲೆಕ್ಕ. ದಣಿದ ತಲೆಯಲ್ಲಿ ಆಡಿದ ಆಟ ಯಾವ ಲೆಕ್ಕಕ್ಕೆ ಸೇರುತ್ತದೆ ಎಂದು ಯೋಚಿಸಲಿಲ್ಲ.

ಆಗ ಸೈಟಿನವರಿಂದ ಒಂದು ಇಮೇಲ್ ಬಂತು. ನಿಮ್ಮ ಆಟದ ರೀತಿ ಬದಲಾದಂತೆ ಕಾಣುತ್ತದೆ, ಗುರುವಾರ ಮಧ್ಯಾಹ್ನ ನಮ್ಮವರೊಬ್ಬರು ಫೋನ್ ಮಾಡಿ ಮಾತಾಡುತ್ತಾರೆ, ಎಂದು. ಜೂಜು ಚಟವಾಗುತ್ತಿರುವ ಲಕ್ಷಣ ಕಂಡರೆ ಹೀಗೆ ವಿಚಾರಿಸಲೇಬೇಕೆಂದು ಇಲ್ಲಿನ ಕಾನೂನು. ಅವರಿಗೆ ಅನುಮಾನ ಬಂದರೆ ಖಾತೆ ನಿಲ್ಲಿಸಬಹುದು.

ಬೇರೆಯವರಾಗಿದ್ದರೆ ಹೆದರುತ್ತಿದ್ದರೇನೋ, ಸಿಟ್ಟಾಗುತ್ತಿದ್ದರೇನೋ. ನಾನು ತಯಾರಿಗೆ ಕೂತೆ. ಇಂಥ ಫೋನಿನಲ್ಲಿ ಏನೇನು ಕೇಳುತ್ತಾರೆ ಎಂದು ಹುಡುಕಿದೆ. ಅಂದುಕೊಂಡದ್ದಕ್ಕಿಂತ ಹೆಚ್ಚು ಹೊತ್ತು ಆಡುತ್ತೀರಾ? ಸೋತದ್ದನ್ನು ವಾಪಸು ಪಡೆಯಲು ಆಡುತ್ತೀರಾ? ಮನೆಯವರಿಂದ ಮುಚ್ಚಿಡುತ್ತೀರಾ? ನಿದ್ದೆ ಕೆಡುತ್ತಿದೆಯೇ? ಎಲ್ಲ ಇಂಪಾರ್ಟೆಂಟ್ ಪ್ರಶ್ನೆಗಳೂ ಸಿಕ್ಕವು. ಪ್ರತಿಯೊಂದಕ್ಕೂ ಡಚ್ಚಿನಲ್ಲಿ ಚೊಕ್ಕ ಉತ್ತರ ಕಟ್ಟಿದೆ. ತೀರಾ 'ಇಲ್ಲ, ಇಲ್ಲ' ಎಂದರೂ ಅನುಮಾನ ಬರುತ್ತದೆ, ಆದ್ದರಿಂದ ಒಂದೆರಡು ಕಡೆ 'ಅಪರೂಪಕ್ಕೊಮ್ಮೆ' ಎಂದು ಸೇರಿಸಿದೆ. ವೈವಾದಲ್ಲಿ ಒಂದು ಪ್ರಶ್ನೆಗೆ ಬೇಕೆಂದೇ ತಡವರಿಸಿದರೆ ಎಕ್ಸ್‌ಟರ್ನಲ್ ಪರೀಕ್ಷಕರಿಗೆ ಸಮಾಧಾನವಾಗುತ್ತದೆ ಎಂದು ಹಾಸ್ಟೆಲಿನ ಸೀನಿಯರ್‌ಗಳು ಹೇಳಿಕೊಟ್ಟಿದ್ದರು.

ಬುಧವಾರ ಸಂಜೆ ಬಚ್ಚಲುಮನೆಯ ಕನ್ನಡಿಯ ಮುಂದೆ ನಿಂತು ಗಟ್ಟಿಯಾಗಿ ಒಪ್ಪಿಸುತ್ತಿದ್ದೆ. ಹೊರಗಿನಿಂದ ಹೆಂಡತಿ ಬಾಗಿಲು ತಟ್ಟಿದಳು.

"ಯಾರ ಜೋಡಿ ಮಾತಾಡಾಕತ್ತೀರಿ ಒಳಗ?"

"ಯಾರೂ ಇಲ್ಲ. ಪ್ರಾಕ್ಟೀಸು."

"ಎದರ ಪ್ರಾಕ್ಟೀಸ್ರೀ?"

ಬಾಗಿಲು ತೆಗೆದು ವಿಷಯ ಹೇಳಿದೆ. ಸೊಂಟದ ಮೇಲೆ ಕೈಯಿಟ್ಟು ಪೂರ್ತಿ ಕೇಳಿಸಿಕೊಂಡಳು.

"ಅಂದ್ರ, ನಿಮಗ ಚಟ ಹತ್ತೇತೇನು ಅಂತ ಕೇಳಾಕ ಫೋನ್ ಮಾಡ್ತಾರ, ಅದಕ್ಕ ನೀವು ಬಾಯಿಪಾಠ ಹೊಡ್ಯಾಕತ್ತೀರಿ?"

"ಸರಿಯಾಗಿ ಹೇಳ್ದಿದ್ರೆ ಅಕೌಂಟ್ ಕ್ಲೋಸ್ ಮಾಡ್ತಾರೆ ಕಣೇ."

"ನೌಕರಿ ಇಂಟರ್‌ವ್ಯೂಕ್ಕೂ ಇಷ್ಟು ಓದಿದ್ದಿಲ್ಲ ನೀವು." ನಗು ತಡೆಯಲಾಗದೆ ಗೋಡೆಗೆ ಒರಗಿದಳು. ಆಮೇಲೆ, "ಆ 'ಪ್ಲೇಜಿಯರ್' ಅನ್ನೋದು ಸರಿ ಬರವಲ್ದು ನೋಡ್ರಿ. ಇನ್ನೊಮ್ಮೆ ಅನ್ರಿ" ಎಂದಳು. ಆಕೆಯ ಡಚ್ಚು ನನ್ನದಕ್ಕಿಂತ ಚೆನ್ನಾಗಿದೆ. ಆ ಮಾತಿನ ಅರ್ಥ ಸಂತೋಷ ಎಂದು. ಸಂತೋಷಕ್ಕಾಗಿ ಆಡುತ್ತೇನೆ, ಸಂತೋಷಕ್ಕಾಗಿ ಆಡುತ್ತೇನೆ ಎಂದು ಬಚ್ಚಲುಮನೆಯ ಬಾಗಿಲಲ್ಲಿ ನಿಂತು ಆಕೆಯ ಮುಂದೆ ನಾಲ್ಕಾರು ಸಲ ಹೇಳಿದೆ.

ಗುರುವಾರ ಊಟದ ವಿರಾಮದಲ್ಲಿ ಕಚೇರಿಯ ಹಿಂದಿನ ಸೈಕಲ್ ನಿಲ್ದಾಣದ ಬಳಿ ನಿಂತಿದ್ದೆ. ಫೋನ್ ಬಂತು. ಎಳೆಯ ಹೆಂಗಸಿನ ದನಿ, ಸಾವಕಾಶದ ಮಾತು. ಪ್ರಶ್ನೆಗಳು ನಾನು ಓದಿದ್ದವೇ. ಒಂದಾದ ಮೇಲೊಂದು ಉತ್ತರ ಕೊಟ್ಟೆ. 'ಅಪರೂಪಕ್ಕೊಮ್ಮೆ'ಯನ್ನು ಎಲ್ಲಿ ಹೇಳಬೇಕೋ ಅಲ್ಲಿಯೇ ಹೇಳಿದೆ. ಕೊನೆಗೆ ಓದದೇ ಇದ್ದ ಒಂದು ಪ್ರಶ್ನೆ ಬಂತು.

"ಆಟ ನಿಮಗೆ ಕೊನೆಯ ಸಲ ಖುಷಿ ಕೊಟ್ಟದ್ದು ಯಾವಾಗ?"

"ಹೋದ ಶನಿವಾರ" ಎಂದೆ. ಒಂದು ಕ್ಷಣವೂ ತಡಮಾಡಲಿಲ್ಲ.

"ಒಳ್ಳೆಯದು" ಎಂದಳು. "ನಿಮ್ಮ ಡಚ್ ತುಂಬಾ ಚೆನ್ನಾಗಿದೆ."

ಸಂಜೆ ಸೈಕಲ್ ತುಳಿದುಕೊಂಡು ಮನೆಗೆ ಬರುವಾಗ ಹಗುರಾಗಿದ್ದೆ. ರಿಸಲ್ಟ್ ನೋಡಿಕೊಂಡು ಬರುವವನ ಹಾಗೆ. ಹೆಂಡತಿ ಅಡುಗೆಮನೆಯಲ್ಲಿ ಜೋಳದ ಹಿಟ್ಟು ನಾದುತ್ತಿದ್ದಳು.

"ಪಾಸು" ಎಂದೆ.

"ಪಾಸಾದ್ರೇನಾತ್ರಿ? ಆಕಿ ನಿಮ್ಮ ಮಾರ್ಕ್ಸ್ ಕೇಳಿದ್ಲೋ, ನೀವು ಹೆಂಗದೀರಿ ಅಂತ ಕೇಳಿದ್ಲೋ?"

ಕೊನೆಯ ಪ್ರಶ್ನೆಯನ್ನೂ ಉತ್ತರವನ್ನೂ ಹೇಳಿದೆ. ಆಕೆ ಹಿಟ್ಟಿನ ಕೈ ಹಾಗೇ ಹಿಡಿದು ನನ್ನ ಮುಖ ನೋಡಿದಳು.

"ಹೋದ ಶನಿವಾರನಾ? ಹೋದ ಶನಿವಾರ ಊಟಕ್ಕ ಬಂದಾಗ ನಿಮ್ಮ ಮಾರಿ ನಾ ನೋಡೀನಲ್ರೀ. ಸತ್ತ ಮನ್ಯಾಗಿಂದ ಎದ್ದು ಬಂದಂಗ ಇತ್ತು."

ಆ ಶನಿವಾರದ ಹಿಂದಿನ ಶನಿವಾರ, ಅದರ ಹಿಂದಿನದು, ಒಂದೊಂದಾಗಿ ನೆನಪು ಮಾಡಿಕೊಂಡೆ. ಖುಷಿ ಎಲ್ಲೂ ಸಿಗಲಿಲ್ಲ. ಆಟ ಇನ್ನೂ ಕೈಯಲ್ಲಿತ್ತು, ಬೇರೆ ಇಟ್ಟ ದುಡ್ಡೂ ಪೂರ್ತಿ ಕರಗಿರಲಿಲ್ಲ. ಆದರೆ ಅದು ನನ್ನಷ್ಟಕ್ಕೆ ಕಲಿಯುವ ವಿದ್ಯೆಯಾಗಿ ಉಳಿದಿರಲಿಲ್ಲ. ಮತ್ತೊಂದು ಪರೀಕ್ಷೆಯಾಗಿತ್ತು. ಅದೂ ಪಾಸಾಗದ ಪರೀಕ್ಷೆ.

ಆ ವಾರ ಆಡಲಿಲ್ಲ. ಮುಂದಿನ ಶನಿವಾರ ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿಕೊಂಡು ಗ್ರೋನಿಂಗನ್ ರೈಲು ಹತ್ತಿದೆ. ಎರಡು ಗಂಟೆಯ ಮೇಲಿನ ದಾರಿ, ಇಕ್ಕೆಲದಲ್ಲೂ ಚಪ್ಪಟೆ ಹೊಲ, ಕಾಲುವೆ, ಕುರಿ. ನಿದ್ದೆ ಹತ್ತಿತು. ಎದ್ದಾಗಲೂ ಅದೇ ಹೊಲ, ಅದೇ ಕುರಿ.

ಗೆಳೆಯನ ಕೋಣೆಯಲ್ಲಿ ಒಂದೇ ಮೇಜು, ಅದರ ತುಂಬ ಚಹಾ ಕಪ್ಪುಗಳು. ಒಂದಿಷ್ಟು ಪಕ್ಕಕ್ಕೆ ಸರಿಸಿ, "ಇಲ್ಲೇ ಆಡು ಗುರು. ನಾನು ಮಾತಾಡಲ್ಲ, ನೋಡ್ತೀನಿ ಅಷ್ಟೇ" ಎಂದು ಮಂಚದ ಮೇಲೆ ಕೂತು ಬಾಳೆಹಣ್ಣಿನ ಚಿಪ್ಸ್ ತಿನ್ನತೊಡಗಿದ. ನಾನು ಆಡಿದೆ. ಗಂಟೆಯ ಹತ್ತಿರ ಹತ್ತಿರ ಆಗಿರಬೇಕು. ದೊಡ್ಡ ಸೋಲಾಗಲಿಲ್ಲ, ಗೆಲುವೂ ಆಗಲಿಲ್ಲ. ಆಮೇಲೆ ಅವನು ಚಿಪ್ಸಿನ ಪೊಟ್ಟಣ ಮಡಚಿಟ್ಟ.

"ಒಂದು ಕೇಳ್ಲಾ? ಪ್ರತಿ ಕೈ ಮುಗಿದ ತಕ್ಷಣ ಬಲಗಡೆ ಮೂಲೆ ಯಾಕೆ ನೋಡ್ತೀಯ?"

ಬಲಮೂಲೆಯಲ್ಲಿ ಉಳಿದ ದುಡ್ಡು ಕಾಣುತ್ತದೆ. ನಾನು ನೋಡುತ್ತಿದ್ದೇನೆಂದು ನನಗೇ ಗೊತ್ತಿರಲಿಲ್ಲ.

"ಆಮೇಲೆ ನಿಂಗೆ ಆ ರಾಣಿ ಜೋಡಿ ಬಂದಿತ್ತಲ್ಲ, ಎದುರಿನವನು ಹೆದರಿಸ್ತಿದ್ದ ಅಷ್ಟೇ. ನಿಂಗೂ ಗೊತ್ತಿತ್ತು. ಆದ್ರೂ ಎಲೆ ಎಸೆದೆ. ನೀನು ಗೆಲ್ಲೋಕೆ ಆಡ್ತಿಲ್ಲ ಗುರು, ಸೋಲದೆ ಇರೋಕೆ ಆಡ್ತಿದೀಯ. ಈ ಮೇಜಲ್ಲಿ ಹಂಗೆ ಆಡೋರನ್ನ ಹರ್ಕೊಂಡು ತಿಂತಾರೆ."

"ಏನು ಮಾಡ್ಬೇಕು ಈಗ?"

"ಒಂದು ಮೇಜು ಕೆಳಗಿಳಿ."

ಇದನ್ನು ಅವನು ಎರಡು ತಿಂಗಳಿಂದ ಹೇಳುತ್ತಿದ್ದ. ಪೋಕರ್ ಆಡುವ ಎಲ್ಲರೂ ಹೇಳುವ ಮಾತೇ. ದುಡ್ಡು ಕರಗಿದರೆ ಚಿಕ್ಕ ಮೇಜಿಗೆ ಇಳಿ, ತಲೆ ನೆಟ್ಟಗಾದ ಮೇಲೆ ಹತ್ತು. ಅವನು ತಾನೇ ಎಷ್ಟೋ ಸಲ ಇಳಿದಿದ್ದ, ಮೆಟ್ಟಿಲಿಳಿದು ಹಾಲು ತರಲು ಹೋಗುವವನ ಹಾಗೆ. ನಾನು ಪ್ರತಿ ಸಲ ಮಾತು ಬದಲಿಸಿದ್ದೆ.

"ಆಗಲ್ಲ ಕಣೋ" ಎಂದೆ.

"ಯಾಕಾಗಲ್ಲ?"

"ಪಾಸಾದ ಕ್ಲಾಸಲ್ಲಿ ವಾಪಸ್ ಹೋಗಿ ಕೂತ್ಕೋ ಅಂತಿದೀಯ. ನಾನು ಯಾವತ್ತೂ ಫೇಲಾದೋನಲ್ಲ."

"ಅದೇ ನಿನ್ ಪ್ರಾಬ್ಲಂ! ನಂಗೆ ಇಂಜಿನಿಯರಿಂಗಲ್ಲಿ ಮೂರು ಬ್ಯಾಕು. ಒಂದು ವರ್ಷ ಮನೇಲೇ ಕೂತಿದ್ದೆ. ಅಮ್ಮ ಎರಡು ದಿನ ಮಾತು ಬಿಟ್ಲು, ಮೂರನೇ ದಿನ ಬಿಸಿಬೇಳೆಬಾತ್ ಮಾಡಿ ಬಡಿಸಿದ್ಲು. ಏನಾಯ್ತೀಗ? ಸತ್ತೋದ್ನಾ? ಪಿಎಚ್‌ಡಿ ಮಾಡ್ತಿಲ್ವಾ?"

ನನಗೆ ಸಿಟ್ಟು ಬಂತು. ಅವನ ಮೇಲೆ ಬಂದ ಸಿಟ್ಟಲ್ಲ. ಆದರೂ ಅವನ ಮೇಲೇ ಹಾಕಿದೆ.

"ನಿಮ್ಮನೇಲಿ ಬಿಸಿಬೇಳೆಬಾತ್ ಇತ್ತು ಮಾರಾಯ. ನಂಗೆ ಒಂದು ಸಬ್ಜೆಕ್ಟ್ ಹೋಗಿದ್ರೆ ಸ್ಕಾಲರ್‌ಶಿಪ್ಪೂ ಹೋಗ್ತಿತ್ತು, ಹಾಸ್ಟೆಲೂ ಹೋಗ್ತಿತ್ತು. ಅಪ್ಪನ ಪಕ್ಕ ಮೂಟೆ ಹೊರ್ತಿದ್ದೆ. ಫೇಲಾಗೋದಕ್ಕೂ ಯೋಗ್ಯತೆ ಬೇಕು ಕಣೋ. ನಂಗಿರ್ಲಿಲ್ಲ."

ಅವನು ಕಪ್ಪುಗಳಲ್ಲಿ ಎರಡನ್ನು ತೆಗೆದುಕೊಂಡು ಹೋಗಿ ತೊಳೆದು, ಚಹಾ ಮಾಡಿ ತಂದ. ನನ್ನ ಮುಂದೆ ಇಡುತ್ತಾ ಮೆಲ್ಲಗೆ ಹೇಳಿದ, "ಆಗ ಇರ್ಲಿಲ್ಲ, ಒಪ್ಕೊಂಡೆ. ಈಗ ಇದೆಯಲ್ಲ ಗುರು. ಈಗ್ಲಾದ್ರೂ ಒಂದ್ಸಲ ಫೇಲಾಗಿ ನೋಡು. ಯಾರು ಏನು ಕಿತ್ಕೋತಾರೆ?"

ಚಹಾಕ್ಕೆ ಸಕ್ಕರೆ ಹೆಚ್ಚಾಗಿತ್ತು. ಕುಡಿದೆ. ನನ್ನ ಮಾತನ್ನು ನಾನು ಈಗಲೂ ವಾಪಸು ತೆಗೆದುಕೊಳ್ಳುವುದಿಲ್ಲ. ಬಿಡದೆ ಪಾಸಾದದ್ದರಿಂದಲೇ ನಾನು ಆ ಕೋಣೆಯಲ್ಲಿ ಅವನೆದುರು ಕೂತಿದ್ದೆ. ಆ ಹಟವನ್ನು ದೂರುವಷ್ಟು ಕೃತಘ್ನನಲ್ಲ. ಆದರೆ ಅವನು ಹೇಳಿದ್ದರಲ್ಲೂ ತಪ್ಪು ಹುಡುಕಲಾಗಲಿಲ್ಲ. ಹುಡುಕುವಷ್ಟು ತ್ರಾಣವೂ ಇರಲಿಲ್ಲ.

ಆ ಮಧ್ಯಾಹ್ನ, ಅವನ ಎದುರಿಗೇ, ಕೆಳಗಿನ ಮೇಜಿನಲ್ಲಿ ಕೂತೆ. ಪರದೆಯ ಮೇಲೆ ಒಂದು ಗುಂಡಿ ಒತ್ತಿದರೆ ಮುಗಿಯುವ ಕೆಲಸ. ಕಿವಿ ಬೆಚ್ಚಗಾಗಿದ್ದು ನಿಜ. ಹಾಸ್ಟೆಲಿನ ವಾರ್ಡನ್ನು, ಊರಿನ ಮೇಷ್ಟ್ರು, ಯಾರ್ಡಿನ ಜನ, ಎಲ್ಲರೂ ಬಾಗಿಲಲ್ಲಿ ನಿಂತು ನೋಡುತ್ತಿದ್ದ ಹಾಗಾಯಿತು. ಯಾರೂ ನೋಡುತ್ತಿರಲಿಲ್ಲ. ಗೆಳೆಯ ಕೂಡ ಮಂಚದ ಮೇಲೆ ಕಾಲು ಚಾಚಿ ನಿದ್ದೆ ಹೋಗಿದ್ದ.

ಕೆಳಗಿನ ಮೇಜಿನಲ್ಲಿ ಸೋಲು ನಿಂತಿತು ಎಂದು ಬರೆದರೆ ಓದುವವರಿಗೆ ಹಿತವಾಗಬಹುದು. ನಿಲ್ಲಲಿಲ್ಲ. ಬೇಸಿಗೆ ಮುಗಿಯುವ ತನಕ ಒಂದು ವಾರ ಗೆದ್ದರೆ ಎರಡು ವಾರ ಸೋತೆ. ಚಿಕ್ಕ ಮೇಜಾದ್ದರಿಂದ ಸೋಲು ಚಿಕ್ಕದಿತ್ತು, ಬೇರೆ ಇಟ್ಟದ್ದು ನಿಧಾನಕ್ಕೆ ಕರಗಿತು, ಅಷ್ಟೇ. ಹೊತ್ತಿನ ಮಿತಿಯನ್ನು ಮೊದಲಿದ್ದ ಕಡೆಗೆ ಇಳಿಸಿದೆ. ಸಂಜೆಯ ಓದು ಬಿಟ್ಟೆ. ಬಿಟ್ಟೆ ಎನ್ನುವುದಕ್ಕಿಂತ ಆಗುತ್ತಿರಲಿಲ್ಲ. ಚಹಾ ಹಿಡಿದು ಹೊರಗೆ ಕುರ್ಚಿ ಹಾಕಿಕೊಂಡು ಕೂರುತ್ತಿದ್ದೆ. ಪಕ್ಕದ ಮನೆಯ ಡಚ್ ಅಜ್ಜ, "ಈ ವರ್ಷ ಕೊನೆಗೂ ಹೊರಗೆ ಬಂದಿರಿ" ಎಂದು ಕೈಯೆತ್ತಿದ.

ಮೇಜಿನ ಮುಂದೆ ಒಂದೇ ಒಂದು ಬದಲಾವಣೆಯಾಗಿತ್ತು. ಬಲಮೂಲೆ ನೋಡುವುದನ್ನು ಬಿಡಲು ನನಗೆ ನಾನೇ ಒಂದು ಕೆಲಸ ಕೊಟ್ಟುಕೊಂಡಿದ್ದೆ. ಒಂದು ಕೈ ಮುಗಿದ ಮೇಲೆ, ಗೆದ್ದೆನೋ ಸೋತೆನೋ ಎನ್ನುವುದನ್ನು ಬಿಟ್ಟು, ಇದೇ ಎಲೆ ಮತ್ತೆ ಬಂದರೆ ಹೀಗೇ ಆಡುತ್ತೇನೆಯೇ ಎಂದು ಕೇಳಿಕೊಳ್ಳುವುದು. ಮೊದಮೊದಲು ಉತ್ತರ ಬಾಯಿಂದ ಬರುತ್ತಿತ್ತು, ನಾಟಕದ ಮಾತಿನ ಹಾಗೆ. ಒಳಗಿದ್ದವನು ಮೂಲೆಯ ಅಂಕಿಯನ್ನೇ ನೋಡುತ್ತಿದ್ದ.

ಚಳಿ ಶುರುವಾದ ಮೇಲಿನ ಒಂದು ಶನಿವಾರ ನಡೆದದ್ದು ಚಿಕ್ಕ ಸಂಗತಿ. ನನ್ನ ಕೈಯಲ್ಲಿ ಎರಡು ಏಳು. ಮೇಜಿನ ಮೇಲೆ ಬಿದ್ದದ್ದೆಲ್ಲ ಅದಕ್ಕಿಂತ ದೊಡ್ಡ ಎಲೆಗಳು. ಎದುರಿನವನು ದೊಡ್ಡದಾಗಿ ಒಡ್ಡಿದ. ಅವನ ಬಳಿ ನಿಜವಾಗಿಯೂ ಕೈ ಇದೆ ಎಂದು ಅವನು ಆಡಿದ ರೀತಿಯೇ ಹೇಳುತ್ತಿತ್ತು. ಎಲೆ ಎಸೆಯಬೇಕು. ನಾನು ಎಸೆಯಲಿಲ್ಲ. ಯಾಕೆಂದು ಕೇಳಿದರೆ ಕಾರಣವಿಲ್ಲ. ಹಿಂದಿನ ಎರಡು ಕೈ ಅವನಿಗೇ ಸೋತಿದ್ದೆ, ಇನ್ನೊಮ್ಮೆ ಬಿಟ್ಟುಕೊಡಲು ಮನಸ್ಸಾಗಲಿಲ್ಲ. ಕೊನೆಯ ಎಲೆ ಡೈಮಂಡ್ ಏಳು. ಆ ಬೆಳಗಿನ ಅತಿ ದೊಡ್ಡ ಗೆಲುವು ನನ್ನ ಕಡೆ ಸರಿದು ಬಂತು.

ನನಗೆ ಇರುಸುಮುರುಸಾಯಿತು. ಬೇರೆಯವರ ಪತ್ರಿಕೆಯ ಅಂಕ ನನ್ನ ಹೆಸರಿಗೆ ಬಂದ ಹಾಗೆ. ಎದುರಿನವನು ನನ್ನ ಹಾಗೆಯೇ ಎಲ್ಲೋ ಕೂತು ಪರದೆಯನ್ನು ದಿಟ್ಟಿಸುತ್ತಿರಬಹುದು, ತಾನು ಮಾಡಿದ್ದು ಸರಿಯಿತ್ತಲ್ಲ ಎಂದು. ಸರಿಯಿತ್ತು ಮಾರಾಯ, ಎಂದು ಹೇಳಬೇಕೆನಿಸಿತು. ಬಲಮೂಲೆಯ ಕಡೆ ಕಣ್ಣು ಹೋಗಲೇ ಇಲ್ಲ ಎಂದು ನನಗೆ ಹೊಳೆದದ್ದು ಎಷ್ಟೋ ಹೊತ್ತಿನ ಮೇಲೆ. ಆ ಮೇಜು ಬಿಟ್ಟು ಎದ್ದೆ. ಆ ಆಟವನ್ನು ಗೆಳೆಯನಿಗೆ ಕಳಿಸಿದೆ. ಏಳರ ಜೋಡಿ, ಸಿಟ್ಟಿನಲ್ಲಿ ತಪ್ಪು ಮಾಡಿದೆ, ಗೆದ್ದುಬಿಟ್ಟೆ, ಎಂದು.

ಅವನ ಉತ್ತರ ತಕ್ಷಣ ಬಂತು. "ಗೆದ್ದಿದ್ದಕ್ಕೆ ಬೈಸ್ಕೊಳೋಕೆ ಬಂದಿದೀಯಲ್ಲೋ ಗುರು. ಉದ್ಧಾರ ಆದೆ ಬಿಡು."

ಅಡುಗೆಮನೆಯಿಂದ ಹೆಂಡತಿ ಕೇಳಿದಳು, "ಆತೇನ್ರೀ? ಇವತ್ತೇನು ಕಥಿ?"

"ಗೆದ್ದೆ."

"ಮತ್ತ ಮಾರಿ ಯಾಕ ಹಂಗ?"

"ತಪ್ಪಾಡಿ ಗೆದ್ದೆ ಕಣೇ. ಬಿಡ್ಬೇಕಿತ್ತು ಆ ಕೈನ."

"ಸೋತ್ರೂ ಬ್ಯಾಸರ, ಗೆದ್ರೂ ಬ್ಯಾಸರ. ಏನ್ ಆಟರೀ ಇದು?" ಎಂದಳು. ಬಾಗಿಲಿಗೆ ಬಂದು ನಿಂತು ನನ್ನ ಮುಖವನ್ನು ಒಂದು ಸಲ ಚೆನ್ನಾಗಿ ನೋಡಿದಳು. "ಆದ್ರ ಸತ್ತ ಮನಿ ಮಾರಿ ಅಲ್ಲ ಇದು" ಎಂದು ಒಳಗೆ ಹೋದಳು.

ಅಲ್ಲ, ಅದು ದಣಿದವನ ಮುಖ. ಕೆಲಸ ಕಲಿಯುತ್ತಾ ದಣಿಯುವುದು ನನಗೆ ಹೊಸದಲ್ಲ, ಅದು ಚೆನ್ನಾಗಿ ಗೊತ್ತಿರುವ ದಣಿವು. ಊಟದ ಹೊತ್ತಾಗಿತ್ತು. ಲ್ಯಾಪ್‌ಟಾಪು ಮುಚ್ಚಿ ಒಳಗೆ ಹೋದೆ. ಆಕೆ ಬೆಳ್ಳುಳ್ಳಿಯ ಬಟ್ಟಲನ್ನು ನನ್ನ ಕಡೆ ತಳ್ಳಿದಳು. ಸುಲಿಯುತ್ತಾ ಕೂತೆ. ಇದನ್ನು ಬರೆಯುವ ಹೊತ್ತಿಗೂ ನಾನು ಕೆಳಗಿನ ಮೇಜಿನಲ್ಲೇ ಇದ್ದೇನೆ.